ಅಣ್ಣನ ಮದುವೆ ಮಾಡಿಸಿದ ಫ್ರೆಂಚ್ ಸಿನಿಮಾ

ಮೊನ್ನೆ ಶುಕ್ರವಾರ ನಮ್ಮಣ್ಣನ ಮದುವೆಯಾಯಿತು. ವರನಿಗೆ ಐವತ್ತೆಂಟು. ವಧುವಿಗೆ ಐವತ್ತರ ಮೇಲೆ (ಎಷ್ಟು ಮೇಲೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ). ಈ ಸಂಬಂಧ ಕುದುರಿಸಿದ್ದು ಒಂದು ಫ್ರೆಂಚ್ ಸಿನಿಮಾ.

ನಗಬೇಡಿ. ಆ ಸಿನಿಮಾವನ್ನು ನಾನೂ ಮೊದಲು ಬೈದುಕೊಂಡೇ ನೋಡಿದವನು.

ಅಣ್ಣ ಬಾಳಾಸಾಹೇಬ ತೆಲಸಂಗದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ವೈನಿ, ಅಂದರೆ ನಮ್ಮ ಅತ್ತಿಗೆ, ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು ಹಾರೂಗೇರಿಗೆ ಸೊಸೆಯಾಗಿ ಹೋಗಿದ್ದಾಳೆ. ಊರ ನಾಟಕಕ್ಕೆ ಖಾಯಂ ಹೀರೋ ಅವನೇ. ಹೊಟ್ಟೆ ಬಂತು, ಕೂದಲು ಹೋಯಿತು, ಹೀರೋ ಪಾರ್ಟು ಮಾತ್ರ ಹೋಗಲಿಲ್ಲ. ನಾಯಕಿಯ ಪಾರ್ಟಿಗೆ ಪ್ರತಿವರ್ಷ ನಿಪ್ಪಾಣಿಯಿಂದ ಸುಶೀಲಾಬಾಯಿ ಬರುತ್ತಿದ್ದರು. ಕಂಪನಿ ನಾಟಕದಲ್ಲಿ ಬೆಳೆದವರು. ಕಂಪನಿ ಮುಚ್ಚಿದ ಮೇಲೆ ಹಳ್ಳಿಹಳ್ಳಿಗೆ ಹೋಗಿ ಬಣ್ಣ ಹಚ್ಚಿ ತಾಯಿಯನ್ನು ಸಾಕಿದವರು. ಮದುವೆಯಾಗಲು ಪುರುಸೊತ್ತೇ ಸಿಗಲಿಲ್ಲವಂತೆ.

ಸ್ಟೇಜಿನ ಮೇಲೆ ಅಣ್ಣ ಅವರಿಗೆ 'ನೀನಿಲ್ಲದೆ ಈ ಜೀವ ನಿಲ್ಲದು ಪ್ರಿಯೇ' ಎನ್ನುತ್ತಿದ್ದ. ಕೆಳಗಿಳಿದರೆ, 'ಬಾಯಾರ, ಚಾ ಆತೇನ್ರಿ?' ಮುಗಿಯಿತು.

ಈ ಸಲ ವೀಳ್ಯ ಕೊಟ್ಟು ಅವರನ್ನು ನಾಟಕಕ್ಕೆ ಗೊತ್ತುಮಾಡಲು ನಿಪ್ಪಾಣಿಗೆ ಅಣ್ಣನ ಜೊತೆ ನಾನೂ ಹೋಗಿದ್ದೆ. ಸುಶೀಲಾಬಾಯಿ ವೀಳ್ಯ ಮುಟ್ಟಲಿಲ್ಲ. ಮೊಣಕಾಲು ಹಿಡಿದುಕೊಂಡಿವೆ, ಇನ್ನು ಬಣ್ಣ ಹಚ್ಚುವುದಿಲ್ಲ, ತಾಯಿಯೂ ಹೋದಳು, ಮಿರಜಿನಲ್ಲಿ ತಂಗಿಯ ಮನೆ ಸೇರಿಕೊಳ್ಳುತ್ತೇನೆ ಎಂದರು. ಅಣ್ಣ ನೆಲ ನೋಡುತ್ತ "ಬರೋಬ್ಬರಿ ಐತ್ರಿ" ಎಂದ.

ಏನು ಬರೋಬ್ಬರಿ, ಯಾವುದು ಸರಿ? ಅವನಿಗೇ ಗೊತ್ತಿರಲಿಲ್ಲ.

ಅಥಣಿ ಬಸ್ಸಿಗೆ ಇನ್ನೂ ವೇಳೆಯಿತ್ತು. ದಾರಿಯಲ್ಲಿ ಗೆಳೆಯ ಸದಾಶಿವ ಸಿಕ್ಕ. ಕಾಲೇಜು ಮಾಸ್ತರ, ಮೇಲೆ ಫಿಲ್ಮ್ ಸೊಸೈಟಿಯ ಹುಚ್ಚು. ಆದಿತ್ಯವಾರ ಮುಂಜಾನೆಯ ಶೋ, ಲವ್ ಸ್ಟೋರಿ, ಕಾಮಿಡಿ, ಅದರಲ್ಲೂ ನಾಟಕದವರ ಕಥೆ ಎಂದು ಹೇಳಿ ನಮ್ಮನ್ನು ಥಿಯೇಟರಿಗೆ ಎಳೆದೊಯ್ದ. (ಫ್ರೆಂಚ್ ಎನ್ನುವುದನ್ನು ಲೈಟ್ ಆರಿದ ಮೇಲೆ ಹೇಳಿದ.)

ಮೊದಲರ್ಧ ತಾಸು ಬರೀ ಮಾತು. ಮಾತು ನಿಂತರೆ ಸಿಗರೇಟು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿವೆ. ಇದು ಸಿನಿಮಾನೋ, ಪರೀಕ್ಷೆಯೋ? ಇಂಗ್ಲಿಷ್ ಬಾರದ ಅಣ್ಣ ಪ್ರತಿ ಮಾತಿಗೂ ಏನಂದಳು, ಏನಂದ ಎಂದು ಪೀಡಿಸುತ್ತಿದ್ದ. ನಾಯಕಿ ಉಸಿರು ಬಿಡದೆ ಉದ್ದಕ್ಕೆ ಮಾತಾಡಿದಳು. ನಾನು ಅದನ್ನೆಲ್ಲ ಒಂದೇ ಪದದಲ್ಲಿ ಮುಗಿಸಿದೆ: "ಸಿಟ್ಟಾಗ್ಯಾಳ."

ಕಥೆ ಇಷ್ಟು. ಸಣ್ಣ ಊರಿನ ನಾಟಕ ಮಂಡಳಿ. ಹೀರೋ, ಹೀರೋಯಿನ್ ಇಬ್ಬರಿಗೂ ವಯಸ್ಸಾಗಿದೆ. ಪರದೆ ಎದ್ದರೆ ಪ್ರೇಮಿಗಳು, ಬಿದ್ದರೆ ಜಗಳಗಂಟರು. ಜಗಳ ಯಾತಕ್ಕೆ? ಬಣ್ಣ ಹಚ್ಚುವ ಕೋಣೆಯಲ್ಲಿ ಇರುವುದೊಂದೇ ಕನ್ನಡಿ, ಅದಕ್ಕೆ. ಅಷ್ಟರಲ್ಲಿ ಆಕೆಗೆ ಬೇರೆ ಊರಿನ ಹಲ್ಲಿನ ಡಾಕ್ಟರನೊಂದಿಗೆ ಮದುವೆ ನಿಶ್ಚಯವಾಗುತ್ತದೆ.

ಅದು ನನಗೆ ಯಾವಾಗ ಹಿಡಿಸತೊಡಗಿತು? ಬಹುಶಃ ಆ ದಪ್ಪ ಹೀರೋ ಪ್ರೇಮ ಬೇಡಲು ಮೊಣಕಾಲೂರಿ, ಮತ್ತೆ ಏಳಲಾಗದೆ ಒದ್ದಾಡಿದಾಗ. ಹೀರೋಯಿನ್ ಡೈಲಾಗ್ ನಿಲ್ಲಿಸದೆ, ಅದೂ ನಾಟಕದ ಭಾಗವೇ ಎನ್ನುವಂತೆ, ರಟ್ಟೆ ಹಿಡಿದು ಅವನನ್ನು ಎತ್ತಿದಳು. ಅಣ್ಣ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಆಮೇಲೆ ನನ್ನ ಅನುವಾದವೂ ಉದ್ದವಾಯಿತು, ಅದಕ್ಕೊಂದು ಧಾಟಿ ಬಂತು. ಮುಂದಿನ ಸಾಲಿನವರೊಬ್ಬರು ತಿರುಗಿದಾಗ ಬೈಯುತ್ತಾರೆಂದುಕೊಂಡೆ. ಸ್ವಲ್ಪ ಜೋರಾಗಿ ಹೇಳಿ, ನಮಗೂ ಕೇಳಲಿ ಎಂದರು!

ಕೊನೆಯ ಪ್ರಯೋಗ. ಪ್ರಾಂಪ್ಟರ್ ನಿದ್ದೆ ಹೋಗಿದ್ದಾನೆ. ಹೀರೋ ಮಾತು ಮರೆತು ನಿಂತಿದ್ದಾನೆ. ಆಮೇಲೆ ಮೆಲ್ಲಗೆ, ನಾಟಕದಲ್ಲಿಲ್ಲದ ಮಾತು ಆಡುತ್ತಾನೆ. ನಾನದನ್ನು ಕನ್ನಡದಲ್ಲಿ ಹೇಳಿದೆ: "ನೀ ಹೋದರ ಕನ್ನಡಿ ಇಡೀ ನನಗ ಸಿಗತೈತಿ. ನನಗದು ಬ್ಯಾಡ."

ಅಣ್ಣ ಮುಂದೆ ಏನೂ ಕೇಳಲಿಲ್ಲ.

ಸ್ಟ್ಯಾಂಡಿಗೆ ಬಂದೆವು. ಅಥಣಿ ಬಸ್ಸೂ ಬಂತು. ಅಣ್ಣ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತೆಗೆದ. ಒಂದು ಮಾತು ಹೇಳುವುದು ಉಳಿದಿದೆ ಎಂದು ತಿರುಗಿ ನಡೆದ. ಅವನ ಹಿಂದೆ ನಾನು.

ಸುಶೀಲಾಬಾಯಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಮೈಕಿಲ್ಲದೆ ಮೂರು ಕೇರಿಗೆ ಕೇಳಿಸುವ ನಮ್ಮಣ್ಣನಿಗೆ ದನಿಯೇ ಹೊರಡಲಿಲ್ಲ. ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. (ಇಂಥ ಹೊತ್ತಲ್ಲಿ ತಮ್ಮಂದಿರು ಮತ್ತೇನು ಮಾಡಬೇಕು?)

"ಬಾಯಾರ, ಮಿರಜಿಗಿ ಹೋಗಬ್ಯಾಡ್ರಿ," ಎಂದ ಕಡೆಗೆ. "ನಮ್ಮನಿಗಿ ಬರ್ರಿ. ಪಾರ್ಟ್ ಮಾಡಾಕಲ್ಲ. ಇರಾಕ."

ಅವರು ಶೇಂಗಾದಿಂದ ಕಣ್ಣೆತ್ತಲಿಲ್ಲ. "ಇದು ಯಾವ ನಾಟಕದ ಮಾತ್ರಿ, ಬಾಳಾಸಾಹೇಬ್ರ?"

"ನಾಟಕದ್ದಲ್ರಿ. ನಂದ."

ಸುಶೀಲಾಬಾಯಿ ಮೊರ ಕೆಳಗಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ಭಾಳ ತಡಾ ಮಾಡಿದ್ರಿ" ಎಂದು ಚಹಾ ಮಾಡಲು ಒಳಗೆ ಹೋದರು.

ಚಹಾ ಕೊಡುವಾಗ ಒಂದು ಷರತ್ತು ಹಾಕಿದರು. ಮಗಳನ್ನು ಕೇಳಬೇಕು. ಅವಳು ಒಲ್ಲೆ ಎಂದರೆ ನಾನೂ ಒಲ್ಲೆ ಎಂದರು.

ಮಗಳು ಮೊದಲು ಅತ್ತಳು. ನಾಟಕದವಳು ಅವ್ವನ ಜಾಗದಲ್ಲಿ ಬಂದರೆ ಅತ್ತೆಮನೆಯಲ್ಲಿ ಹೇಗೆ ಮುಖ ತೋರಿಸಲಿ ಎಂದಳು. ಊರಲ್ಲೂ ಗುಸುಗುಸು. ಸ್ಟೇಜಿನ ಮೇಲೆ ಇವರಿಬ್ಬರ ಮದುವೆಗೆ ವರ್ಷಾವರ್ಷಾ ಚಪ್ಪಾಳೆ ಹೊಡೆದ ಊರೇ ನಿಜವಾದ ಮದುವೆಗೆ ಮೂಗು ಮುರಿಯಿತು. ಇದೆಂಥ ನ್ಯಾಯ?

ಕಡೆಗೆ ಮಗಳು ಯಾರಿಗೂ ಹೇಳದೆ ತಾನೇ ನಿಪ್ಪಾಣಿಗೆ ಹೋಗಿ ಬಂದಳು. ಇಬ್ಬರೂ ಕೂತು ಏನು ಮಾತಾಡಿದರೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬಂದವಳು ಅಪ್ಪನ ಹತ್ತಿರ ಹೋಗಿ, ಮದುವೆಗೆ ನನಗೊಂದು ಇಳಕಲ್ ಸೀರೆ ಬೇಕು ಎಂದಳು. ಅಣ್ಣ ದ್ರಾಕ್ಷಿ ತೋಟದೊಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಥಣಿಯಲ್ಲಿ ರಿಜಿಸ್ಟರ್ ಮದುವೆ, ಮನೆಯಲ್ಲಿ ಹೋಳಿಗೆ ಊಟ. ಮೂಗು ಮುರಿದವರೂ ಬಂದು ಎರಡೆರಡು ಸಲ ಹಾಕಿಸಿಕೊಂಡರು. ಸುಶೀಲಾ ವೈನಿ ಅಣ್ಣನ ಎಲೆಗೆ ತುಪ್ಪ ಸುರಿಯುವುದನ್ನೇ ನೋಡುತ್ತಿದ್ದ ನನ್ನ ಹೆಂಡತಿ ನನ್ನ ಕಿವಿಯಲ್ಲಿ ಕೇಳಿದಳು:

"ನಿಮ್ಮಣ್ಣಗ ಬಂದ ಮಾತು ನಿಮಗ ಯಾವಾಗ ಬರತೈತ್ರಿ?"