ದೇವಿಂದ್ರಪ್ಪನ ಬೋರ್ಡು ಮತ್ತು ಮಂಗಳವಾರದ ಕಿರಿಚಾಟ

ಸುರಪುರದ ಇಳಿಜಾರುಗಳಲ್ಲಿ ಗಾಡಿ ಓಡಿಸುವವರು ಎರಡನ್ನು ನಂಬಿಕೊಂಡಿರುತ್ತಾರೆ: ದೇವರು, ಬ್ರೇಕು. ದೇವರ ವಿಷಯದಲ್ಲಿ ಊರಿನಲ್ಲಿ ನಾನಾ ಅಭಿಪ್ರಾಯಗಳಿದ್ದವು. ಬ್ರೇಕಿನ ವಿಷಯದಲ್ಲಿ ಇರಲಿಲ್ಲ. ಬ್ರೇಕು ಅಂದರೆ ದೇವಿಂದ್ರಪ್ಪ. ತಿಂಥಣಿ ರಸ್ತೆಯ ಬೇವಿನ ಮರದ ಕೆಳಗೆ ಅವನ ತಗಡಿನ ಶೆಡ್ಡು, ಶೆಡ್ಡಿನ ಮೇಲೆ ಹಳದಿ ಬೋರ್ಡು, ಬೋರ್ಡಿನ ಮೇಲೆ ಅವನೇ ಬರೆದ ಸಾಲು: ‘ಇಲ್ಲಿ ಬ್ರೇಕ್ ಮಾಡಿಸಿದ ಗಾಡಿ ಮತ್ತೆ ಬರುವುದಿಲ್ಲ.’ ಇದನ್ನು ಓದಿ ಹೆದರಿ ಮುಂದಿನ ಶೆಡ್ಡಿಗೆ ಹೋದವರೂ ಇದ್ದಾರೆ. ಆದರೆ ಇಪ್ಪತ್ತೆಂಟು ವರ್ಷ ಆ ಮಾತು ಸುಳ್ಳಾಗಿರಲಿಲ್ಲ, ಅದರ ಬಗ್ಗೆ ಅವನಿಗಿದ್ದ ಜಂಬವೂ ಸಣ್ಣದಾಗಿರಲಿಲ್ಲ.

ಆ ಜಂಬದಲ್ಲಿ ಒಂದು ಕೆಂಪು ಡಬ್ಬಿಯ ಪಾಲೂ ಇತ್ತು. ಬ್ರೇಕ್ ತೊಳೆಯುವ ಸ್ಪ್ರೇ. ಒತ್ತಿದರೆ ಬುಸ್ಸೆಂದು ಹಾರಿ, ಎಣ್ಣೆ, ಜಿಡ್ಡು, ಮಣ್ಣು ಎಲ್ಲವನ್ನೂ ಎಳೆದುಕೊಂಡು ಕೆಳಗಿಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗುತ್ತಿತ್ತು. ವಾಸನೆಗೆ ತಲೆ ತಿರುಗುತ್ತಿತ್ತು, ನಿಜ. ದೇವಿಂದ್ರಪ್ಪ ಅದನ್ನು ಕೆಲಸದ ಗತ್ತು ಎಂದೇ ತಿಳಿದಿದ್ದ.

ಈ ಸಲ ಯಾದಗಿರಿಯಿಂದ ತಂದ ಡಬ್ಬಿ ಹಸಿರಾಗಿತ್ತು. ಒತ್ತಿದರೆ ಬುಸ್ಸೆನ್ನದೆ ನಿಟ್ಟುಸಿರು ಬಿಟ್ಟಿತು. ಬ್ರೇಕಿನ ಮೇಲೆ ಬಿದ್ದ ದ್ರವ ಎಲ್ಲಿಗೂ ಹೋಗುವ ಆತುರವಿಲ್ಲದೆ ಅಲ್ಲೇ ಕೂತಿತು. ದೇವಿಂದ್ರಪ್ಪ ಒಂದು ಚಹಾ ಕುಡಿದು ಬಂದು ನೋಡಿದ, ಇನ್ನೂ ಕೂತಿತ್ತು. ಬಿಡಿಭಾಗದ ಅಂಗಡಿಯ ಸುಲ್ತಾನಸಾಬನಿಗೆ ಫೋನು ಹಚ್ಚಿದ.

“ಸಾಹೇಬ್ರ, ಇದೇನ್ ಕೊಟ್ಟೀರಿ ನನಗ? ನೀರೋ ಏನು?”

“ಕಾಯ್ದೆ ಬದಲಾಗ್ಯದಂತ, ಮಿಸ್ತ್ರಿ. ಹಳೀದ್ರಾಗ ಏನೋ ವಿಷ ಇತ್ತಂತ, ಅದನ್ನ ತಗದಾರ. ಇದು ಸೇಹತ್‌ಗೆ, ಮೈಗೆ ಚಲೋ.”

“ಯಾರ ಸೇಹತ್‌ಗೆ?”

“ನಿಮ್ದೇ.”

“ಇಪ್ಪತ್ತೆಂಟು ವರ್ಷ ಮೂಸೀನಿ, ನನಗೇನಾಗ್ಯದ?” ಎಂದು ಕೇಳಿದ ದೇವಿಂದ್ರಪ್ಪ, ಮಾತು ಮುಗಿಯುವ ಮುಂಚೆ ಕೆಮ್ಮಿದ. ಅತ್ತ ಕಡೆ ಸುಲ್ತಾನಸಾಬ ಮರ್ಯಾದಸ್ಥ, ಕೆಮ್ಮು ಮುಗಿಯುವವರೆಗೆ ಕಾದು ಫೋನಿಟ್ಟ.

ಅದೇ ವಾರ ಅಮರಪ್ಪ ಬಂದ. ತಿಂಥಣಿಯ ಹೊಳೆದಂಡೆಯ ಮೀನುಗಾರ. ಕೃಷ್ಣೆಯಲ್ಲಿ ಹಿಡಿದ ಮೀನನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಬೈಕಿನ ಹಿಂದೆ ಕಟ್ಟಿ, ಸುರಪುರದ ಓಣಿ ಓಣಿಗೆ ಮಾರುವವನು. ಹಳೆಯ ಗಾಡಿ ಕೊಟ್ಟು ಹೊಸದು ತಂದಿದ್ದ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಅಂದರೆ ಚಕ್ರದ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಹೊಳೆಯುವ ಉಕ್ಕಿನ ತಟ್ಟೆ. ಹೊಳೆಯ ಉಸುಕು ಸೇರಿದೆ, ತೊಳೆದುಕೊಡಿ ಎಂದ. ದೇವಿಂದ್ರಪ್ಪ ಹಸಿರು ಡಬ್ಬಿಯಿಂದಲೇ ತೊಳೆದು, ಒರೆಸಿ ಕಳಿಸಿದ.

ಮಂಗಳವಾರ ಬೆಳಿಗ್ಗೆ ಊರಿಗೇ ಕೇಳುವ ಹಾಗೆ ಒಂದು ಕಿರಿಚಾಟ ಇಳಿಜಾರಿನಿಂದ ಇಳಿದು ಬಂತು. ಅಮರಪ್ಪ ಎರಡೂ ಕಾಲು ನೆಲಕ್ಕೆ ಉಜ್ಜುತ್ತ, ಶೆಡ್ಡು ದಾಟಿ, ಎದುರಿನ ಉಸುಕಿನ ಗುಡ್ಡೆಯೊಳಗೆ ಮುಂದಿನ ಚಕ್ರ ಹೂತು ನಿಂತ.

“ಮಿಸ್ತ್ರಿ, ಬ್ರೇಕ್ ಒದರತದ, ಹಿಡಿಯಂಗಿಲ್ಲ,” ಎಂದ.

ಗಾಡಿ ಮತ್ತೆ ಬಂದಿತ್ತು. ಎದುರಿನ ಚಹಾದಂಗಡಿಯಲ್ಲಿ ಕೂತವರು ಒಮ್ಮೆ ಗಾಡಿಯನ್ನು, ಒಮ್ಮೆ ಬೋರ್ಡನ್ನು ನೋಡಿದರು. ದೇವಿಂದ್ರಪ್ಪನ ಕಿವಿ ಬಿಸಿಯಾಯಿತು.

ತಪ್ಪು ಡಬ್ಬಿಯದು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಹಾಗಾಗಿ ಬದಲಿ ಹುಡುಕಲು ಕೂತ. ಸೀಮೆಎಣ್ಣೆಯಿಂದ ತೊಳೆದು ತನ್ನ ಸ್ಕೂಟರನ್ನೇ ಓಡಿಸಿ ನೋಡಿದ. ಸ್ಕೂಟರು ನಿಂತದ್ದು ಚಹಾದಂಗಡಿಯ ಬೆಂಚಿಗೆ ತಾಗಿದ ಮೇಲೆ. ನಿಂಬೆಹಣ್ಣು ಹಿಂಡಿದ. ಒಲೆಯ ಬೂದಿ ಉಜ್ಜಿದ, ಅಂಟವಾಳದ ಕಾಯಿ ನೆನೆಸಿದ. ಕೊನೆಗೆ ಹೆಂಡತಿ ಗೊಲ್ಲಾಳಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಅವಳ ಬೇಳೆಯ ಪಾತ್ರೆಯಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಬ್ರೇಕಿನ ಭಾಗಗಳನ್ನು ಕುದಿಸಿದ. ಜಿಡ್ಡು ಬೆಣ್ಣೆಯಂತೆ ಬಿಟ್ಟಿತು. ಅವನು ಖುಷಿಯಿಂದ ಪಾತ್ರೆಯೊಳಗೆ ನೋಡುತ್ತಿರುವಾಗ ಗೊಲ್ಲಾಳಮ್ಮ ಬಾಗಿಲಲ್ಲಿ ನಿಂತಿದ್ದಳು.

“ಇನ್ನ ಮ್ಯಾಗ ನಿಮಗ ಇದೇ ಸಾರು,” ಎಂದಳು. ಮೂರು ದಿನ ಅವನಿಗೆ ರೊಟ್ಟಿ, ಖಾರ ಬಿಟ್ಟು ಬೇರೇನೂ ಸಿಗಲಿಲ್ಲ.

ಸೋಪಿನ ನೀರಿನದು ಒಂದೇ ತೊಂದರೆ: ಎಷ್ಟು ಒರೆಸಿದರೂ ಕೊನೆಗೊಂದು ಪಸೆ ಉಳಿಯುತ್ತಿತ್ತು. ಆದರೂ ಅಮರಪ್ಪನ ಬ್ರೇಕನ್ನು ಹಾಗೇ ತೊಳೆದು, ಬಿಸಿಲಿಗೆ ಒಣಗಿಸಿ ಕಳಿಸಿದ. ಬುಧವಾರ, ಗುರುವಾರ, ಎಲ್ಲ ದಿನ ಚೆನ್ನಾಗಿತ್ತು. ಮಂಗಳವಾರ ಕಿರಿಚಾಟ ಮತ್ತೆ ಇಳಿಜಾರು ಇಳಿಯಿತು.

ಸಿಟ್ಟಿಗೆ ದೇವಿಂದ್ರಪ್ಪ ಖಾಲಿಯಾದ ಹಳೆಯ ಕೆಂಪು ಡಬ್ಬಿಯೊಂದನ್ನು ಹುಡುಕಿ, ತಳದಲ್ಲಿ ಒಂದು ಹನಿಯಾದರೂ ಉಳಿದಿದೆಯೋ ಎಂದು ತಗಡಿನ ಕತ್ತರಿಯಿಂದ ಸೀಳಿದ. ಹನಿ ಇರಲಿಲ್ಲ, ಬೆರಳು ಕುಯ್ದುಕೊಂಡ. ಸರಕಾರಿ ದವಾಖಾನೆಯಲ್ಲಿ ನರ್ಸಮ್ಮ ಸೂಜಿ ಚುಚ್ಚುವ ಮುಂಚೆ ಹತ್ತಿಯಿಂದ ತೋಳು ಒರೆಸಿದಳು. ತಣ್ಣಗಾಯಿತು. ನೋಡುನೋಡುವಷ್ಟರಲ್ಲಿ ಒಣಗಿತು. ತೋಳಿನ ಆ ಜಾಗ ಮಾತ್ರ, ವರ್ಷಗಳ ಗ್ರೀಸು ಹೋಗಿ, ಬೇರೆಯವರ ತೋಳಿನಂತೆ ಬೆಳ್ಳಗಿತ್ತು.

“ಏನಿದು?” ಎಂದ.

“ಟಿಟಿ ಇಂಜೆಕ್ಷನ್.”

“ಅದಲ್ರಿ ಅಕ್ಕಾರ, ಹತ್ತೀದು.”

“ಸ್ಪಿರಿಟ್.”

ಸೂಜಿ ಹೋದದ್ದೂ ಬಂದದ್ದೂ ಅವನಿಗೆ ತಿಳಿಯಲಿಲ್ಲ. ಅಲ್ಲಿಂದ ನೇರ ಔಷಧದ ಅಂಗಡಿಗೆ ಹೋಗಿ ಆರು ಬಾಟಲಿ ಕೇಳಿದ. ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ, ಕುಡಿಯುವುದಕ್ಕಲ್ಲ ಎಂದು ಎರಡು ಸಲ ಹೇಳಿ ಕೊಟ್ಟ. ಮೊದಲು ಬಿಸಿನೀರು, ಸೋಪು. ಆಮೇಲೆ ಒಲೆಯಿಂದ ದೂರ, ಗಾಳಿಯಾಡುವ ಕಡೆ ಸ್ಪಿರಿಟಿನ ಬಟ್ಟೆ. ಸ್ಕೂಟರು ಗೆರೆ ಹೊಡೆದ ಜಾಗದಲ್ಲೇ ನಿಂತಿತು. ಬಂದ ಗಾಡಿಗಳೆಲ್ಲ ಗಪ್ಪಾದವು. ದೇವಿಂದ್ರಪ್ಪ ಗೊಲ್ಲಾಳಮ್ಮನಿಗೆ ಹೊಸ ಪಾತ್ರೆ ತಂದುಕೊಟ್ಟ. ಅಮರಪ್ಪನ ಬ್ರೇಕನ್ನು ಮೂರನೆಯ ಸಲ, ಪ್ಯಾಡನ್ನೂ ಹೊಸದು ಹಾಕಿ, ಕೂಸಿನಂತೆ ಒರೆಸಿ ಕಳಿಸಿದ.

ಮಂಗಳವಾರ ಅದೇ ಕಿರಿಚಾಟ.

ಈ ಸಲ ಅಮರಪ್ಪ ಒಂದು ಎಮ್ಮೆಗೆ ತಾಗಿ ನಿಂತಿದ್ದ. ಎಮ್ಮೆಗೆ ಏನೂ ಆಗಿರಲಿಲ್ಲ, ಅಮರಪ್ಪನ ಮೊಣಕಾಲಿನ ಚರ್ಮ ಕಿತ್ತಿತ್ತು. ಆ ಮೊಣಕಾಲನ್ನು ನೋಡಿ ದೇವಿಂದ್ರಪ್ಪ ನಿಜಕ್ಕೂ ಹೆದರಿದ. ಇದು ಎಮ್ಮೆಯ ಬದಲು ಲಾರಿಯಾಗಿದ್ದರೆ? ಅಂದು ಅವನು ಉಣ್ಣಲಿಲ್ಲ.

“ಡಬ್ಬಿದಲ್ಲ ಕಾಣ್ತದ, ನನ್ನ ಕೈಯೇ ಹೋಗ್ಯದ,” ಎಂದ ಹೆಂಡತಿಗೆ. “ಇನ್ನೊಂದ್ ಸಲ ಆ ಗಾಡಿ ಬಂತಂದ್ರ ಬೋರ್ಡ್ ಇಳಿಸ್ತೀನಿ.”

ಗೊಲ್ಲಾಳಮ್ಮನಿಗೆ ಪಾತ್ರೆಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಅವಳು ಗಂಡನ ಮುಖ ನೋಡಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. “ಕೈ ಹೋಗಿದ್ರ ಎಲ್ಲಾ ಗಾಡಿ ಒದರಬೇಕಿತ್ತು. ಅದೊಂದೇ ಯಾಕ ಒದರತದ? ಅದೂ ಮಂಗಳಾರಕ್ಕೇ?”

ಈ ಪ್ರಶ್ನೆ ಇಪ್ಪತ್ತೆಂಟು ವರ್ಷದ ಅನುಭವಸ್ಥನಿಗೆ ಹೊಳೆದಿರಲಿಲ್ಲ. ಅಮರಪ್ಪನಿಗೆ ಫೋನು ಮಾಡಿ ಸೋಮವಾರ ಏನು ಮಾಡುತ್ತೀ ಎಂದು ಕೇಳಿದ.

“ಏನಿಲ್ರಿ. ಸೋಮಾರ ಮೀನ ಯಾರೂ ತಗೊಳ್ಳಂಗಿಲ್ಲ. ನಾ ಮಲಗಿರ್ತೀನಿ, ಗಾಡಿ ಅಂಗಳದಾಗ ನಿಂತಿರ್ತದ.”

ಮತ್ತೆ ತೊಳೆದುಕೊಟ್ಟ ಬ್ರೇಕು ಆ ವಾರ ಹಿಡಿಯಿತು. ಸೋಮವಾರ ಬೆಳಿಗ್ಗೆ ದೇವಿಂದ್ರಪ್ಪ ತಿಂಥಣಿಗೆ ಹೋದ. ಅಮರಪ್ಪ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಅಂಗಳದಲ್ಲಿ ಅವನ ಹೆಂಡತಿ ಮರಿಲಿಂಗಮ್ಮ ಗಾಡಿ ತೊಳೆದು, ಹ್ಯಾಂಡಲಿಗೆ ಹೂವು ಸಿಕ್ಕಿಸಿ, ಒಂದು ಬಟ್ಟಲಲ್ಲಿ ಕುಸುಬೆ ಎಣ್ಣೆ, ಕುಂಕುಮ ಕಲಸಿಕೊಂಡು ಮುಂದಿನ ಚಕ್ರದ ಹತ್ತಿರ ಕೂತಿದ್ದಳು. ಮೂರು ಬೆರಳು ಅದ್ದಿ, ಹೊಳೆಯುವ ಉಕ್ಕಿನ ತಟ್ಟೆಗೆ ಅಡ್ಡಡ್ಡ ಬಳಿದಳು. ಚಕ್ರ ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಬಳಿದಳು.

ದೇವಿಂದ್ರಪ್ಪ ಆ ಬೆರಳುಗಳನ್ನೇ ನೋಡುತ್ತ ಬೇಲಿ ಹಿಡಿದು ನಿಂತ.

“ಬರ್ರಿ ಅಣ್ಣಾ,” ಎಂದಳು ಅವಳು. “ನೋಡ್ರಿ, ನೀವು ಎಷ್ಟ್ ಸಲ ರಿಪೇರಿ ಮಾಡಿದ್ರೂ ಕೆಡ್ಲಿಕತ್ತದ. ಅದಕ್ಕ ನಾ ವಾರ ವಾರ ಒಂದೊಂದ್ ಬಟ್ಟು ಜಾಸ್ತಿ ಹಚ್ಚಾಕತ್ತೀನಿ.”

“ಯವ್ವಾ ತಂಗಿ, ಹಳೀ ಗಾಡಿಗೂ ಹಿಂಗೇ ಹಚ್ತಿದ್ದೇನು?”

“ಹಚ್ತಿದ್ದೆ. ಹನ್ನೊಂದ್ ವರ್ಷ ಒಂದ್ ಸಲಾನೂ ಬಿದ್ದಿಲ್ಲ.”

ಹಳೆಯ ಗಾಡಿಯ ಬ್ರೇಕು ಚಕ್ರದ ಹೊಟ್ಟೆಯೊಳಗೆ ಮುಚ್ಚಿಕೊಂಡಿತ್ತು. ಹೊರಗೆ ಎಷ್ಟು ಎಣ್ಣೆ ಬಳಿದರೂ ಅದಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಇದಕ್ಕೆ ಅಂಥ ಮುಚ್ಚುಮರೆ ಇಲ್ಲ. ದೇವಿಂದ್ರಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ತಟ್ಟೆಯನ್ನೂ ಅದನ್ನು ಹಿಡಿಯುವ ಪ್ಯಾಡನ್ನೂ ತೋರಿಸಿ, ಎಣ್ಣೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದ. ಮರಿಲಿಂಗಮ್ಮ ಗಂಡನ ಮೊಣಕಾಲಿನ ಪಟ್ಟಿ ನೋಡಿದಳು, ತನ್ನ ಬೆರಳು ನೋಡಿಕೊಂಡಳು.

“ನಾನೇ ಬೀಳ್ಸಿದೆನು ಹಂಗಾರ?” ಎಂದಳು. ಅವಳ ಕಣ್ಣು ತುಂಬಿತು.

ಅವಳನ್ನು ಬೈಯಬೇಕೆಂದು ದೇವಿಂದ್ರಪ್ಪ ಬಾಯಿಗೆ ತಂದುಕೊಂಡಿದ್ದ ಮಾತೆಲ್ಲ ಒಳಗೇ ಉಳಿಯಿತು. ಅವಳು ಕಾಯಲೆಂದು ಹಚ್ಚಿದ್ದು, ತಾನು ಕಾಯಲೆಂದು ತೊಳೆದದ್ದು. ಇಬ್ಬರೂ ಒಂದೇ ತಟ್ಟೆಯ ಮೇಲೆ ವಾರಗಟ್ಟಲೆ ಕುಸ್ತಿ ಹಿಡಿದಿದ್ದರು.

“ಹೋಗ್ಲಿ ಬಿಡವ್ವ. ಬಟ್ಟು ಹೆಡ್‌ಲೈಟಿಗೆ ಹಚ್ಚು. ಮುಂದ ನೋಡೋದು ಅದೇ ಅಲ್ಲೇನು?”

ಮರಿಲಿಂಗಮ್ಮ ಯೋಚಿಸಿ ಒಪ್ಪಿದಳು. ದೇವಿಂದ್ರಪ್ಪ ಚೀಲದಿಂದ ಸ್ಪಿರಿಟಿನ ಬಾಟಲಿ ತೆಗೆದು ತಟ್ಟೆ ಒರೆಸಿದ, ಪ್ಯಾಡು ಬಿಚ್ಚಿ ಹೊಸದು ಹಾಕಿದ. ಅವಳು ಚಹಾ ಮಾಡಿಕೊಟ್ಟಳು. ದಾರಿಯುದ್ದಕ್ಕೂ ಅವನು ಸ್ಕೂಟರಿನ ಮೇಲೆ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಬಂದ.

ಮಂಗಳವಾರ ಇಳಿಜಾರು ಗಪ್ಪಾಗಿತ್ತು. ಬುಧವಾರವೂ. ದೇವಿಂದ್ರಪ್ಪ ಬಟ್ಟೆ ತಂದು ಬೋರ್ಡಿನ ಧೂಳು ಒರೆಸಿದ.

ಗುರುವಾರ ಮಧ್ಯಾಹ್ನ ತಲೆಯೆತ್ತಿದರೆ ಅಮರಪ್ಪ ಎದುರಿಗೆ ನಿಂತಿದ್ದ. ಗಾಡಿ ಬಂದದ್ದೇ ಕೇಳಿಸಿರಲಿಲ್ಲ. ಮುಖ ಬಾಡಿತ್ತು, ಹಿಂದಿನ ಪೆಟ್ಟಿಗೆ ತುಂಬ ಮೀನು. ಚಹಾದಂಗಡಿಯವರೆಲ್ಲ ಇತ್ತ ತಿರುಗಿದರು. ದೇವಿಂದ್ರಪ್ಪ ಆಡಿದ ಮಾತಿಗೆ ನಿಲ್ಲುವವನು. ಒಂದೂ ಪ್ರಶ್ನೆ ಕೇಳದೆ ಸ್ಟೂಲು ಹಾಕಿ ಹತ್ತಿ, ಬೋರ್ಡಿನ ಮೊಳೆಗೆ ಕೈ ಹಾಕಿದ.

“ಮಿಸ್ತ್ರಿ, ಬ್ರೇಕ್ ಚಲೋ ಆಗ್ಯಾವ್ರಿ,” ಎಂದ ಅಮರಪ್ಪ ಕೆಳಗಿನಿಂದ. “ಹಿಡಿದಲ್ಲೇ ನಿಂದ್ರತದ. ಸಪ್ಪಳಾನೇ ಇಲ್ಲ.”

“ಮತ್ತ್ಯಾಕ್ ಬಂದಿ?”

“ಅದೇರಿ. ಮಂಗಳಾರ ಆ ಸಪ್ಪಳ ಕೇಳಿ ಓಣಿ ಹೆಣ್ಮಕ್ಕಳೆಲ್ಲ ಬುಟ್ಟಿ ತಗೊಂಡು ಹೊರಗ ಬರ್ತಿದ್ರು, ಪೆಟ್ಟಿಗಿ ಖಾಲಿ ಆಗ್ತಿತ್ತು. ಈಗ ನಾ ಬಂದಿದ್ದೂ ಹೋಗಿದ್ದೂ ಯಾರಿಗೂ ಗೊತ್ತಾಗವಲ್ದು. ಮೂರು ದಿನ ಆತು, ಮಂಗಳಾರದ ಮೀನ ಹಂಗೇ ಉಳಿದಾವ. ಅಷ್ಟೇ ಜೋರ ಒದರೋ ಹಾರನ್ ಒಂದ್ ಹಾಕಿ ಕೊಡ್ರಿ.”

ದೇವಿಂದ್ರಪ್ಪ ಸ್ಟೂಲಿನ ಮೇಲೆ ನಿಂತೇ ಬೋರ್ಡನ್ನು ಮತ್ತೊಮ್ಮೆ ಓದಿದ. ಆಮೇಲೆ ಸಡಿಲಿಸಿದ ಮೊಳೆಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ, ಇಳಿದು ಬಂದು, ಬಣ್ಣದ ಡಬ್ಬಿ ಹುಡುಕತೊಡಗಿದ. ಸಂಜೆಯ ಹೊತ್ತಿಗೆ ಆ ಸಾಲಿನ ಕೆಳಗೆ, ಇನ್ನೂ ಹಸಿಯಿದ್ದ ಅಕ್ಷರಗಳಲ್ಲಿ, ಇನ್ನೊಂದು ಸಾಲಿತ್ತು: ‘ಹಾರ್ನಿಗೆ ಬರಬಹುದು.’