ಕೊಸರಿಗೆ ಕೊಟ್ಟ ವಿಮೆ

ನನ್ನ ಒಂದು ಚೌಕಾಸಿಯಿಂದ ಉಳಿದದ್ದು 1,320 ರೂಪಾಯಿ. ಹೋದದ್ದು 68,000 ರೂಪಾಯಿ, ಜೊತೆಗೆ ಒಬ್ಬ ಹೆಣ್ಣುಮಗಳ ಡಯಾಲಿಸಿಸ್ ಸರದಿ. ಮೂರು ವರ್ಷದ ಹಿಂದಿನ ಮಳೆಗಾಲದ ಮಾತು. ಆಗ ನಾನು ಗದಗಿನಲ್ಲಿ ಹಳೆಯ ಕಾರು ಕೊಂಡು ಮಾರುವ ವ್ಯಾಪಾರ ಶುರುಮಾಡಿ ಹದಿನಾರು ವರ್ಷವಾಗಿತ್ತು. ಬೆಟಗೇರಿಯಲ್ಲಿ ಸೈಕಲ್ ಟಯರ್ ಮಾರಿ ಮೇಲೆ ಬಂದವನು ನಾನು. ದರ ಇಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು.

ಮುಂಡರಗಿಯ ಬಡಿಗ ಹಜರತಸಾಬರು ನಾಲ್ಕು ವರ್ಷ ಓಡಿದ ಪೆಟ್ರೋಲ್ ಕಾರು ನೋಡಲು ಬಂದರು. ಅವರ ಹೆಂಡತಿ ಮಮತಾಜಬಿಗೆ ವಾರಕ್ಕೆ ಎರಡು ಸಲ ಗದಗಿನಲ್ಲಿ ಡಯಾಲಿಸಿಸ್. ಸೂಜಿ ಚುಚ್ಚಿಸಿಕೊಂಡ ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಲ್ಲಲು ಆಕೆಗೆ ಆಗುತ್ತಿರಲಿಲ್ಲ. ಮೂರೂವರೆ ಲಕ್ಷಕ್ಕೆ ಮಾತು ಮುಗಿಯಿತು.

"ಕೊಸರು ಏನ್ ಕೊಡ್ತೀರಿ, ಈರಣ್ಣಾರ?" ಎಂದು ಕೇಳಿದರು.

ಕಾಯಿಪಲ್ಯ ಕೊಂಡವರಿಗೆ ಒಂದು ಹಿಡಿ ಕೊತ್ತಂಬರಿ ಬಿಟ್ಟಿ ಹಾಕುವಂತೆ, ನಾನು ಕಾರು ಕೊಂಡವರಿಗೆ ಒಂದು ವರ್ಷದ ವಿಮೆ ಮಾಡಿಸಿಕೊಡುತ್ತಿದ್ದೆ. ನನ್ನ ಕಿಸೆಯಿಂದ ಹೋಗುವ ದುಡ್ಡು. ಆದಷ್ಟು ಅಗ್ಗದ್ದೇ ಹುಡುಕುತ್ತಿದ್ದೆ.

ಏಜೆಂಟ್ ಪಾಟೀಲ 11,900ರ ಕೊಟೇಶನ್ ಕಳಿಸಿದ. ಅದರಲ್ಲಿ ಮೂರು ಭಾಗ. ಎದುರಿನವರ ನಷ್ಟ ತುಂಬುವ ಥರ್ಡ್ ಪಾರ್ಟಿ ಕಡ್ಡಾಯ, ಅದರ ದರ ಸರ್ಕಾರದ್ದು, ಇಳಿಯುವುದಿಲ್ಲ. ನಮ್ಮ ಗಾಡಿಯ ನಷ್ಟಕ್ಕೆ ಓನ್ ಡ್ಯಾಮೇಜ್. ಅದರ ದರ ಐಡಿವಿ, ಅಂದರೆ ಗಾಡಿ ಪೂರ್ತಿ ಹೋದರೆ ಕೊಡುವ ಮೊತ್ತದ ಮೇಲೆ ನಿಂತಿರುತ್ತದೆ. ಮೂರನೆಯದು ಬೇಕಾದವರು ಸೇರಿಸಿಕೊಳ್ಳುವ ಆ್ಯಡ್-ಆನ್. ಇಲ್ಲಿದ್ದದ್ದು ಎಂಜಿನ್ ಪ್ರೊಟೆಕ್ಟ್, ನೀರು ಹೊಕ್ಕು ಎಂಜಿನ್ ಕೆಟ್ಟರೆ ಅದರ ಖರ್ಚು ಕೊಡುವಂಥದ್ದು.

"ಹತ್ತಕ್ಕ ತಾ, ಪಾಟೀಲ," ಎಂದೆ ಫೋನಿನಲ್ಲಿ.

"ಬದನಿಕಾಯಿ ಅಲ್ಲೋ ಮಾರಾಯಾ ಇದು. ಎಂಜಿನ್ ಪ್ರೊಟೆಕ್ಟ್ ತಗದ್ರ 10,580 ಆಕ್ಕೈತಿ."

"ತಗಿ ಹಂಗಾರ. ನಮ್ಮ ಕಡೆ ಕುಡ್ಯಾಕ ನೀರಿಲ್ಲ, ಎಂಜಿನ್ನಿಗೆ ಎಲ್ಲಿಂದ ಬರತೈತಿ?"

ಪಕ್ಕದಲ್ಲಿದ್ದ ಹಜರತಸಾಬರೂ ನಕ್ಕರು. ಏನು ತೆಗೆಸಿದೆ ಎಂದು ಅವರಿಗೆ ನಾನು ಬಿಡಿಸಿ ಹೇಳಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಕಪ್ಪತಗುಡ್ಡದ ಕಡೆ ಮಳೆ ಸುರಿದು ಡಂಬಳದ ಹತ್ತಿರ ಹಳ್ಳ ರಸ್ತೆಯ ಮೇಲೆ ಬಂತು. ಡಯಾಲಿಸಿಸ್ ಮುಗಿಸಿ ಮರಳುತ್ತಿದ್ದ ಹಜರತಸಾಬರ ಫೋನು.

"ಈರಣ್ಣಾರ, ಗಾಡಿ ನೀರಾಗ ಬಂದ್ ಆತ್ರಿ. ಮಮತಾಜ ಒಳಗದಾಳ್ರಿ."

"ಸೆಲ್ಫ್ ಹೊಡೀರಿ! ಬಿಡಬ್ಯಾಡ್ರಿ, ಹೊಡೀರಿ, ಬರತೈತಿ!"

ನಾಲ್ಕು ಸಲ ಹೊಡೆದರು. ನಾಲ್ಕನೆಯ ಸಲ ಒಳಗೆ ಏನೋ ಕಟಕ್ಕೆಂದದ್ದು ನನಗೂ ಫೋನಿನಲ್ಲಿ ಕೇಳಿಸಿತು. ಹೊಲದಲ್ಲಿದ್ದವರು ಓಡಿಬಂದು ಮಮತಾಜಬಿಯನ್ನು ಎತ್ತಿಕೊಂಡು ದಂಡೆಗೆ ತಂದರು.

ವಿಮಾ ಕಂಪನಿಯ ಸರ್ವೇಯರ್ ಬಂದು ಬಾನೆಟ್ ಎತ್ತಿಸಿ ನೋಡಿದರು. "ಪ್ರವಾಹಕ್ಕ ಕವರ್ ಐತ್ರಿ. ಸೀಟು, ವೈರಿಂಗ್ ಕೊಡ್ತೀವಿ. ಎಂಜಿನ್ ಪ್ರೊಟೆಕ್ಟ್ ಇಲ್ಲ, ಅದಕ್ಕ ಎಂಜಿನ್ ಬರಂಗಿಲ್ರಿ. ನೀರು ಹೊಕ್ಕ ಮ್ಯಾಲ ತಿರುಗಿಸಿದ್ದಕ್ಕ ರಾಡ್ ಬಾಗ್ಯಾವು."

ಹೆಲ್ಪ್‌ಲೈನಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಮೊದಲಿಂದ ಪಾಲಿಸಿ ನಂಬರ್. ಮಾಲೀಕರೇ ಮಾತನಾಡಬೇಕು ಎಂದರು. ಹಜರತಸಾಬರು ಮಾತನಾಡಿದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಎಂದರು. ಕೊನೆಗೆ ಬಂದದ್ದು ಇಂಗ್ಲಿಷಿನ ನಾಲ್ಕು ಸಾಲು: ಆಗುವುದಿಲ್ಲ. ಸಿಟ್ಟನ್ನೆಲ್ಲ ಪಾಟೀಲನ ಮೇಲೆ ಹಾಕಿದೆ.

"ತಗಿ ಅಂದಾಂವ ಯಾರಲೇ?" ಎಂದ. ನಾನು ಫೋನ್ ಇಟ್ಟೆ.

ಈ ಓಡಾಟದ ನಡುವೆ ಬಾಡಿಗೆ ಗಾಡಿ ಸಿಗದೆ ಮಮತಾಜಬಿಯ ಒಂದು ಸರದಿ ತಪ್ಪಿಹೋಯಿತು. ಮುಖ ಬಾತು, ಏದುಸಿರು ಶುರುವಾಯಿತು. ವಿಷಯ ತಿಳಿದ ಕೂಡಲೇ ನನ್ನ ಗಾಡಿಯಲ್ಲೇ ಕರೆದೊಯ್ದೆ. ಹಳ್ಳ ದಾಟುವಾಗ ಹಿಂದಿನ ಸೀಟಿನಿಂದ ಆಕೆ ಮೆಲ್ಲಗೆ ಕೇಳಿದಳು:

"ಕೊಸರಿನ ಕೊತ್ತಂಬರಿ ಕೊಳತಿದ್ರ ತಿಪ್ಪಿಗೆ ಒಗೀತಿದ್ವಿ, ಈರಣ್ಣಾರ. ಇದನ್ನ ಎಲ್ಲಿ ಒಗೀಲ್ರಿ?"

ಗದಗಿನಲ್ಲಿ ಆಕೆಯನ್ನು ಆಸ್ಪತ್ರೆಗೆ ಬಿಟ್ಟವನೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ.

ಎಂಜಿನ್ನಿನ 68,000 ನಾನೇ ಕಟ್ಟಿದೆ. ದೊಡ್ಡಸ್ತಿಕೆಗಲ್ಲ, ಕವರ್ ತೆಗೆಸಿದವನೂ ನಾನೇ, ಸೆಲ್ಫ್ ಹೊಡೆಸಿದವನೂ ನಾನೇ. ಮೆಕ್ಯಾನಿಕ್ ಹೇಳಿದ ದರಕ್ಕೆ ಚೌಕಾಸಿ ಮಾಡದೆ ಒಪ್ಪಿದ್ದು ನನ್ನ ವ್ಯಾಪಾರದಲ್ಲಿ ಅದೊಂದೇ ಸಲ. ಗಾಡಿ ತಯಾರಾಗುವವರೆಗೆ ಇಪ್ಪತ್ಮೂರು ದಿನ ನಾನೇ ಅವರ ಡ್ರೈವರ್.

ಅರಿವೆ ಅಂಗಡಿಯಲ್ಲಿ ದರ ಇಳಿದರೂ ಸೀರೆ ಅಷ್ಟೇ ಉದ್ದ ಇರುತ್ತದೆ. ವಿಮೆಯಲ್ಲಿ ದರ ಇಳಿದರೆ ಬಹಳ ಸಲ ಸೀರೆಯನ್ನೇ ಕತ್ತರಿಸಿರುತ್ತಾರೆ, ಮಡಿಕೆ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುತ್ತೇನೆ: ಎರಡು ಕೊಟೇಶನ್ ಹೋಲಿಸುವಾಗ ಮೊದಲು ಐಡಿವಿ, ಆ್ಯಡ್-ಆನ್ ಒಂದೇ ಇವೆಯೇ ನೋಡಿ. ಕಾರು ಮಾರುವವನು ವಿಮೆ ಬಿಟ್ಟಿ ಕೊಟ್ಟರೆ ಪಾಲಿಸಿ ಓದದೆ ಕೈಗೆ ತೆಗೆದುಕೊಳ್ಳಬೇಡಿ, ನಾನು ಕೊಟ್ಟರೂ ಸರಿಯೇ. ನೀರಿನಲ್ಲಿ ಗಾಡಿ ನಿಂತರೆ ಕೀಲಿ ಮುಟ್ಟಬೇಡಿ. ಜನ ಇಳಿಯಲಿ, ಗಾಡಿ ಎಳೆಸಿ. ಆ್ಯಡ್-ಆನ್ ಇದ್ದವರಿಗೂ ಈ ಮಾತು ಅನ್ವಯ. ಇನ್ನು ಏಜೆಂಟ್ ದರ ಇಳಿಸಿದಾಗ ಖುಷಿಪಡುವ ಮೊದಲು ಒಂದೇ ಪ್ರಶ್ನೆ ಕೇಳಿ, ನಾನು ಪಾಟೀಲನಿಗೆ ಈಗ ಪ್ರತಿ ಸಲ ಕೇಳುವುದು: "ಏನ್ ತಗದಿ, ಹೇಳು."