ಹಳೆ ಪ್ಲೇಟು ತನ್ನಿ

ಫಳ್ನೀರಿನ ನಮ್ಮ ಫ್ಲ್ಯಾಟಿನ ಅಸೋಸಿಯೇಷನ್ನಿನವರು ನೋಟಿಸು ಅಂಟಿಸಿದ್ದರು: ಓಡದ ಕಾರನ್ನು ಭಾನುವಾರದೊಳಗೆ ತೆಗೆಯಬೇಕು, ಇಲ್ಲವಾದರೆ ಗುಜರಿಗೆ. ಅಪ್ಪ ಹಂಪನಕಟ್ಟೆಯಲ್ಲಿ ಬಾಡಿಗೆಗೆ ಓಡಿಸಿ ನಮ್ಮನ್ನೆಲ್ಲ ಸಾಕಿದ ಕಾರು ಅದು. ಕ್ಲಚ್ ಪ್ಲೇಟು ಸವೆದು ನಿಂತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ನೋಟಿಸನ್ನು ಹರಿದು ಹಾಕಿದೆ.

ಗೇರ್‌ಬಾಕ್ಸ್ ಇಳಿಸಿದ ಮೆಕ್ಯಾನಿಕ್, "ಅಂಗಡಿಗೆ ಹಳೆ ಪ್ಲೇಟು ಹಿಡ್ಕೊಂಡು ಹೋಗಿ" ಎಂದಿದ್ದ. ಮಸಿ ಮೆತ್ತಿದ ಅದನ್ನು ಚೀಲದಲ್ಲಿ ಹೊತ್ತು ಅಲೆಯುವುದು ನನ್ನ ಘನತೆಗೆ ಕಡಿಮೆಯೆನಿಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಮೂರು ಅಂಗಡಿ ಸುತ್ತಿ ಹೊಸ ಪ್ಲೇಟು ತಂದೆ. ಅದರ ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ಶಾಫ್ಟಿಗೆ ಕೂರಲೇ ಇಲ್ಲ. ಮೆಕ್ಯಾನಿಕ್ ಅದನ್ನು ನನ್ನ ಕೈಗೇ ವಾಪಸ್ ಕೊಟ್ಟ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಶನಿವಾರ ಬಂದರಿನ ಓಣಿಯಲ್ಲಿ ಹಳೆ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ ಬ್ಯಾರಿ ಸಾಹೇಬರೊಬ್ಬರ ಮುಂದೆಯೂ ಫೋಟೋವನ್ನೇ ಹಿಡಿದೆ.

"ಇದೆಂತ ಮಾರಾಯ್ರೆ, ಫೋಟೋ ನೋಡಿ ಹೆಣ್ಣು ಒಪ್ಪಬಹುದು, ಕ್ಲಚ್ ಪ್ಲೇಟು ಆಗುದಿಲ್ಲ. ಹಳೇದು ತನ್ನಿ."

ಗೊಣಗುತ್ತಲೇ ಹೋಗಿ ತಂದೆ. ಅವರು ಹಲ್ಲುಗಳನ್ನು ಉಗುರಿನಲ್ಲಿ ಎಣಿಸಿ, ಒಳಗಿನಿಂದ ಪೇಪರು ಸುತ್ತಿದ ಪ್ಲೇಟೊಂದನ್ನು ತಂದು ಹಳೆಯದರ ಮೇಲಿಟ್ಟರು. ಹಲ್ಲಿಗೆ ಹಲ್ಲು ಸರಿಯಾಗಿತ್ತು. ಜೊತೆಗೆ ಹಳೆ ಗೇರ್‌ಬಾಕ್ಸೊಂದರ ಗೇಣುದ್ದದ ಶಾಫ್ಟನ್ನೂ ಕೊಟ್ಟರು.

"ಇದನ್ನು ತೂರಿಸಿ ಪ್ಲೇಟು ನಡುವಿಗೆ ಕೂರಿಸ್ಲಿಕ್ಕೆ ಹೇಳಿ, ಇಲ್ಲದಿದ್ರೆ ಗೇರ್‌ಬಾಕ್ಸ್ ಏರುದಿಲ್ಲ. ಕೆಲಸ ಆದ ಮೇಲೆ ನನಗೆ ವಾಪಸ್ ಬೇಕು."

"ಈ ಶಾಫ್ಟು ಎಲ್ಲಿ ಸಿಕ್ಕಿತು ಸಾಹೇಬ್ರೆ?"

"ನನ್ನ ಕಾರಿಂದು. ನಿಮ್ಮದೇ ಮಾಡೆಲ್. ಈ ಪ್ಲೇಟು ಹಾಕಿಸ್ಬೇಕು ಅಂತ ತಂದಿಟ್ಟು ದುಬೈಗೆ ಹೋದೆ. ಬರುವಾಗ ಮನೆಯವರು ಕಾರನ್ನೇ ಗುಜರಿಗೆ ಕೊಟ್ಟಿದ್ರು. ಓಡಿ ಹೋಗಿ ಕೇಳಿದೆ. ಅಲ್ಲಿ ಉಳಿದದ್ದು ಈ ಶಾಫ್ಟೊಂದೇ."

ದುಡ್ಡು ಕೊಟ್ಟು, ಪ್ಲೇಟನ್ನೂ ಶಾಫ್ಟನ್ನೂ ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಬೆಳಿಗ್ಗೆ ಕಾರು ಗೇಟು ದಾಟಿತು. ಅಸೋಸಿಯೇಷನ್ನಿನ ಕಾರ್ಯದರ್ಶಿಗೆ ಕೇಳಲೆಂದೇ ಎರಡು ಸಲ ಹಾರ್ನ್ ಹೊಡೆದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅಲ್ಲಿಂದ ನೇರ ಬಂದರಿಗೆ ಹೋದೆ.

ಬ್ಯಾರಿಯವರು ಶಾಫ್ಟನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು, ಕಾರಿನ ಹತ್ತಿರ ಬಂದರು. "ಒಮ್ಮೆ ಕೂರಲಾ?" ಎಂದು ಕೇಳಿದರು. ಚಪ್ಪಲಿ ಹೊರಗೇ ಕಳಚಿಟ್ಟು ಕೂತು, ಬರಿಗಾಲಲ್ಲಿ ಕ್ಲಚ್ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು. ಕೀ ಮಾತ್ರ ಮುಟ್ಟಲಿಲ್ಲ.

"ಒಂದು ರೌಂಡ್ ಹೋಗಿ ಬರುವ, ನೀವೇ ಓಡಿಸಿ" ಎಂದು ನಾನು ಎಡಗಡೆಯ ಸೀಟಿಗೆ ಹತ್ತಿದೆ.

"ಬೇಡ ಮಾರಾಯ್ರೆ" ಎಂದರು. "ಓಡಿಸಿದ್ರೆ ಮತ್ತೆ ಇಳಿಲಿಕ್ಕೆ ಮನಸ್ಸಾಗುದಿಲ್ಲ."

ಹಾಗೆಂದವರು ಕ್ಲಚ್ಚಿನ ಮೇಲಿನ ಕಾಲನ್ನು ತೆಗೆಯಲಿಲ್ಲ.